ಗ್ರೀಕ್ ಮೂರ್ತಿಗಳ ಕಾಲ ಪಕ್ಕ ಆ ಮೋಟು ಮರ ಯಾಕಿರತ್ತೆ?

ಓದುಗರ ಪ್ರಶ್ನೆ: ಗ್ರೀಕ್ ಮೂರ್ತಿಗಳ ಫೋಟೋ ನೋಡಿದಾಗೆಲ್ಲ ಕಾಲಿನ ಹಿಂದೆ ಒಂದು ಮೋಟು ಮರ ಅಂಟ್ಕೊಂಡಿರತ್ತೆ. ಇಷ್ಟು ಚೆಂದ ಕೆತ್ತೋರಿಗೆ ಅದೊಂದನ್ನ ತೆಗೆಯೋಕೆ ಆಗ್ಲಿಲ್ವಾ?

ತೆಗೆದ್ರೆ ಮೂರ್ತಿ ಕಣಕಾಲಿನ ಹತ್ರ ಮುರಿದು ಬೀಳತ್ತೆ, ಅದಕ್ಕೇ ತೆಗ್ದಿಲ್ಲ. ಆದ್ರೆ ಉತ್ತರ ಅಲ್ಲಿಗೇ ನಿಲ್ಲಲ್ಲ, ಯಾಕಂದ್ರೆ ನೀವು ನೋಡಿರೋ ಬಹುಪಾಲು ಮೂರ್ತಿಗಳು ಗ್ರೀಕರು ಮಾಡಿದ್ದೇ ಅಲ್ಲ, ರೋಮನ್ನರ ಕಾಲದಲ್ಲಿ ಮಾರ್ಬಲ್‌ನಲ್ಲಿ ಮಾಡಿಸಿದ ಕಾಪಿಗಳು, ಅವುಗಳಲ್ಲಿ ಎಷ್ಟೋ ಮೂಲಗಳು ಇದ್ದಿದ್ದು ಕಂಚಲ್ಲಿ.

ಕಂಚಿನ ಮೂರ್ತಿ ಒಳಗೆ ಪೊಳ್ಳು. ಮೇಣದ ಅಚ್ಚು ಮಾಡಿ, ಒಳಗೂ ಹೊರಗೂ ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು, ಆ ಸಂದಿಯಲ್ಲಿ ಲೋಹ ಹುಯ್ಯೋದು. ತಲೆ, ಕೈ, ಮುಂಡ ಎಲ್ಲ ಬೇರೆ ಬೇರೆ ಎರಕ ಹೊಯ್ದು ಆಮೇಲೆ ಬೆಸೆಯೋದು. ಗೋಡೆ ಕೆಲವೇ ಮಿಲಿಮೀಟರ್ ದಪ್ಪ, ಪಾದಗಳನ್ನ ಕಲ್ಲಿನ ಪೀಠಕ್ಕೆ ಸೀಸ ಹಾಕಿ ಕಚ್ಚಿಸಿಬಿಟ್ರೆ ಆಯ್ತು, ಕೈ ಎಷ್ಟು ಬೇಕಾದ್ರೂ ಚಾಚಬಹುದು. ಅಥೆನ್ಸ್ ಮ್ಯೂಸಿಯಂನಲ್ಲಿ ಮ್ಯಾರಥಾನ್ ಬಾಯ್ ಅಂತ ಒಬ್ಬ ಹುಡುಗ ಇದಾನೆ, 1925ರಲ್ಲಿ ಸಮುದ್ರದಲ್ಲಿ ಸಿಕ್ಕಿದ್ದು, ಎತ್ತರ 1.30 ಮೀಟರ್, ಒಂದು ಕೈ ಮೇಲೆತ್ತಿ ಸೊಂಟ ವಾಲಿಸಿ ನಿಂತಿದಾನೆ, ಸುತ್ತಮುತ್ತ ಒಂದು ಆಸರೆನೂ ಇಲ್ಲ. ಇಂಥ ಕಂಚುಗಳನ್ನ ಮುಂದಿನವರು ಕರಗಿಸಿಬಿಟ್ರು, ನಮಗೆ ಉಳಿದಿರೋದ್ರಲ್ಲಿ ಎಷ್ಟೋ ಮುಳುಗಿದ ಹಡಗುಗಳಿಂದಲೇ ಬಂದಿರೋದು. ಅದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯತ್ತೆ.

ಮಾರ್ಬಲ್ ಕಥೆ ಬೇರೆ. ಒಂದು ಘನ ಮೀಟರ್‌ಗೆ ಸುಮಾರು 2.7 ಟನ್ ತೂಕ. ಮೇಲಿಂದ ಒತ್ತಿದ್ರೆ ಕಂಬದ ಥರ ತಡ್ಕೊಳತ್ತೆ, ಎಳೆದ್ರೆ ಅಥವಾ ಬಗ್ಗಿಸಿದ್ರೆ ಪಟ್ ಅಂತ ಬಿಡತ್ತೆ. ಇಡೀ ಮೈ ಭಾರ ಎರಡು ಸಣ್ಣ ಕಣಕಾಲಿನ ಮೇಲೆ, ಅದರಲ್ಲೂ ಭಾರವೆಲ್ಲ ಒಂದೇ ಕಾಲಿಗೆ ಬಿಟ್ಟು ಇನ್ನೊಂದನ್ನ ಸಡಿಲ ಬಿಡೋ ಆ ನಿಲುವಿನಲ್ಲಿ, ಕಲ್ಲು ಎಷ್ಟು ದಿನ ನಿಲ್ಲತ್ತೆ ಹೇಳಿ. ಹಾಗಾಗಿ ಕಾಪಿ ಮಾಡೋನು ಕಾಲಿಗೆ ಮೋಟು ಮರ ಅಂಟಿಸ್ದ, ಕೈಗೂ ತೊಡೆಗೂ ನಡುವೆ ಕಲ್ಲಿನ ಕಡ್ಡಿ ಬಿಟ್ಟ. ಗ್ರೀಕ್ ಶಿಲ್ಪಿ ಲಿಸಿಪ್ಪಸ್ ಸುಮಾರು ಕ್ರಿ.ಪೂ. 330ರಲ್ಲಿ ಕಂಚಲ್ಲಿ ಮಾಡಿದ, ಮೈಗೆ ಹತ್ತಿದ ಎಣ್ಣೆ ಧೂಳು ಕೆರೆದುಕೊಳ್ತಿರೋ ಕ್ರೀಡಾಪಟುವಿನ ಮಾರ್ಬಲ್ ಕಾಪಿ 1849ರಲ್ಲಿ ರೋಮ್‌ನಲ್ಲಿ ಸಿಕ್ತು, ಈಗ ವ್ಯಾಟಿಕನ್‌ನಲ್ಲಿದೆ. ಕೈ ನೇರ ನೋಡೋರ ಕಡೆಗೇ ಚಾಚಿದೆ, ಪಕ್ಕಕ್ಕೆ ಹೋಗಿ ನೋಡದೆ ಮೂರ್ತಿ ಪೂರ್ತಿ ಅರ್ಥನೇ ಆಗಲ್ಲ, ತಲೆ ಚಿಕ್ಕದು, ಮೈ ತೆಳ್ಳಗೆ ಉದ್ದ. ಕಂಚಿನಲ್ಲಿ ಯೋಚನೆ ಮಾಡೋನಿಗೇ ಹೊಳೆಯೋ ಐಡಿಯಾ ಇದು. ಕಲ್ಲಿಗೆ ಇಳಿಸಿದಾಗ ಮೋಟು ಮರ ಬಂತು, ಆ ಹಗುರತನ ಅಲ್ಲಿ ಸ್ವಲ್ಪ ಸತ್ತೋಯ್ತು ಅಂತ ನನಗೆ ಪ್ರತಿ ಸಲ ಅನ್ಸತ್ತೆ.

ಸರಿ, ಹಾಗಾದ್ರೆ ಕಂಚು ಇಷ್ಟು ಅನುಕೂಲ ಇದ್ರೆ ಅದೇ ಕಾಲದ ಇನ್ನೊಬ್ಬ ಶಿಲ್ಪಿ ಪ್ರಾಕ್ಸಿಟೆಲೀಸ್ ಮಾರ್ಬಲ್‌ಗೇ ಯಾಕೆ ಅಷ್ಟು ಹೆಸರಾದ? ಚರ್ಮಕ್ಕೋಸ್ಕರ. ಒಳ್ಳೆ ಮಾರ್ಬಲ್ ಮೇಲೆ ಬೆಳಕು ಬಿದ್ರೆ ಸ್ವಲ್ಪ ಒಳಗೂ ಇಳಿಯತ್ತೆ, ಜೀವ ಇರೋ ಮೈ ಥರ. ಉಳಿ ಗುರುತು ಹೋಗೋವರೆಗೂ ಉಜ್ಜಿ ಉಜ್ಜಿ ಒಂದು ಸ್ನಾಯು ಎಲ್ಲಿ ಮುಗೀತು ಇನ್ನೊಂದು ಎಲ್ಲಿ ಶುರುವಾಯ್ತು ಗೊತ್ತಾಗದ ಹಾಗೆ ಕರಗಿಸೋದು, ಅವನಿಗಿಂತ ಸುಮಾರು ನೂರು ವರ್ಷ ಹಿಂದಿನ ಶಿಲ್ಪಿ ಪಾಲಿಕ್ಲೀಟಸ್‌ನ ಗೆರೆ ಕೊರೆದಂಥ ಎದೆ ಹೊಟ್ಟೆಗೂ ಇದಕ್ಕೂ ಅಜಗಜಾಂತರ. ಅದರ ಮೇಲೆ ಬಣ್ಣನೂ ಇತ್ತು. ನಿಮ್ಮ ಮೂರ್ತಿಗಳಲ್ಲಿ ಯಾವುದು ಇಷ್ಟ ಅಂತ ಕೇಳಿದ್ರೆ ಪೇಂಟರ್ ನಿಕಿಯಸ್ ಕೈ ಹಚ್ಚಿದ್ದು ಅಂದಿದ್ನಂತೆ ಪ್ರಾಕ್ಸಿಟೆಲೀಸ್, ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದಾನೆ.

ಮಾರ್ಬಲ್ ಹಿಡಿದ ಮೇಲೆ ಆಸರೆ ಬೇಕೇ ಬೇಕು, ಆ ಆಸರೆಯನ್ನೇ ಕಥೆ ಒಳಗೆ ತಂದ. ಕ್ನಿಡಸ್ ಊರಿಗೆ ಅವನು ಮಾಡಿದ ಪ್ರೇಮದೇವತೆ ಅಫ್ರೊಡೈಟಿ ನೋಡಿ. ಸ್ನಾನಕ್ಕೆ ನಿಂತಿದಾಳೆ, ಪಕ್ಕದಲ್ಲಿ ನೀರಿನ ಹೂಜಿ, ಕೈಯಲ್ಲಿರೋ ಬಟ್ಟೆ ಹೂಜಿ ಮೇಲೆ ಇಳಿದಿದೆ. ಅಲ್ಲಿ ಹೂಜಿ, ಬಟ್ಟೆ ಎರಡೂ ಕಲ್ಲಿನ ಕಂಬದ ಕೆಲಸ ಮಾಡ್ತಿದಾವೆ, ಆದ್ರೆ ನಮಗೆ ಸ್ನಾನದ ಸಾಮಾನು ಅಂತಲೇ ಕಾಣೋದು! (ಮೂಲ ಉಳಿದಿಲ್ಲ, ಕಾಪಿಗಳಿಂದ ಗೊತ್ತು. ರಾಜ ನಿಕೊಮಿಡೀಸ್ ಊರಿನ ಸಾಲ ಪೂರ್ತಿ ತೀರಿಸ್ತೀನಿ ಮೂರ್ತಿ ಕೊಡಿ ಅಂದಾಗ ಕ್ನಿಡಸ್‌ನೋರು ಕೊಡಲಿಲ್ಲ, ಅದನ್ನೂ ಪ್ಲಿನಿನೇ ಹೇಳೋದು.)

ಇನ್ನೊಂದು ವಿಷಯ ಇದೆ, ನನಗೆ ತುಂಬಾ ಇಷ್ಟವಾದದ್ದು. ಹಲ್ಲಿ ಕೊಲ್ಲೋಕೆ ಹೊಂಚು ಹಾಕಿರೋ ಅಪೊಲೊ ಅಂತ ಪ್ರಾಕ್ಸಿಟೆಲೀಸ್‌ದೇ ಒಂದಿದೆ, ಹುಡುಗ ಅಪೊಲೊ ಮರಕ್ಕೆ ಒರಗಿದಾನೆ, ಮೈ ಎಸ್ ಥರ ಬಳುಕಿದೆ, ಮರದ ಮೇಲೆ ಹಲ್ಲಿ. ಇದು ಕಂಚಿನದು ಅಂತ ಪ್ಲಿನಿ ಹೇಳ್ತಾನೆ. ಕಂಚಿಗೆ ಮರ ಬೇಕಾಗೇ ಇಲ್ವಲ್ಲ! ಆದ್ರೂ ಮರ ಇದೆ, ಅದಿಲ್ದೆ ಹಲ್ಲಿ ಇರೋ ಜಾಗ ಇಲ್ಲ, ಒರಗೋಕೂ ಏನೂ ಇಲ್ಲ, ಆ ಸೋಮಾರಿ ಬಳುಕೇ ಹುಟ್ಟಲ್ಲ. ಅಂದ್ರೆ ಆಸರೆ ಅನ್ನೋದು ಅವನಿಗೆ ಬರೀ ಕಲ್ಲಿನ ಕಷ್ಟ ಆಗಿರ್ಲಿಲ್ಲ, ದೇವರು ಒರಗಿ ನಿಂತ್ರೆ ಹೇಗಿರ್ತಾನೆ ಅಂತ ನೋಡೋ ಆಸೆನೂ ಇತ್ತು.

ಹಾಗಾದ್ರೆ ಮೋಟು ಮರ ಅಂಟಿಸಿದ ಹಾಗಿದ್ರೆ ಕಾಪಿ, ಕಥೆಯಲ್ಲಿ ಸೇರಿದ್ರೆ ಮೂಲ ಅನ್ನಬಹುದಾ? ಇಲ್ಲ, ಅಷ್ಟು ಸಲೀಸಲ್ಲ. 1877ರಲ್ಲಿ ಒಲಿಂಪಿಯಾದ ಹೇರಾ ದೇವಸ್ಥಾನದಲ್ಲಿ ಹರ್ಮಿಸ್ ಮೂರ್ತಿ ಸಿಕ್ತು, ಅಲ್ಲಿ ಪ್ರಾಕ್ಸಿಟೆಲೀಸ್ ಮಾಡಿದ ಹರ್ಮಿಸ್ ಇದೆ ಅಂತ ಎರಡನೇ ಶತಮಾನದ ಪ್ರವಾಸಿ ಪಾಸೇನಿಯಸ್ ಬರೆದಿದ್ದ. ಮಗು ಡಯೊನೈಸಸ್‌ನ ಎತ್ಕೊಂಡ ತೋಳು ಮರದ ಮೋಟಿನ ಮೇಲೆ ಊರಿದೆ, ಮೇಲಿಂದ ಬಟ್ಟೆ ಇಳಿಬಿದ್ದು ಮೋಟನ್ನ ಅರ್ಧ ಮುಚ್ಚಿದೆ, ಎಷ್ಟು ಸಹಜ ಅಂದ್ರೆ ಆಸರೆ ಅಂತ ಗೊತ್ತೇ ಆಗಲ್ಲ. ಆದ್ರೆ ಅದೇ ಮೂರ್ತಿಯಲ್ಲಿ ಸೊಂಟದಿಂದ ಮೋಟಿಗೆ ಒಂದು ಕಲ್ಲಿನ ಕಡ್ಡಿನೂ ಇದೆ, ಕಣ್ಣಿಗೆ ಚುಚ್ಚೋ ಹಾಗೆ. ಮೂರ್ತಿ ಪ್ರಾಕ್ಸಿಟೆಲೀಸ್ ಕೈಯದೇ ಅನ್ನೋರೂ ಇದಾರೆ, ಆಮೇಲಿನ ಕಾಲದ್ದು ಅನ್ನೋರೂ ಇದಾರೆ, ಜಗಳದಲ್ಲಿ ಆ ಕಡ್ಡಿ ಮತ್ತೆ ಮತ್ತೆ ಬರ್ತಾನೇ ಇರತ್ತೆ.