ಬಣ್ಣದ ರಕ್ತಕ್ಕೆ ನಿಜವಾದ ಕೋರ್ಟು

1980ರ ಫೆಬ್ರವರಿಯಲ್ಲಿ ಮಿಲಾನ್‌ನಲ್ಲಿ ತೆರೆಕಂಡ ಇಟಲಿಯ ಭಯಾನಕ ಚಿತ್ರ 'ಕ್ಯಾನಿಬಲ್ ಹೋಲೋಕಾಸ್ಟ್' ಹತ್ತೇ ದಿನಕ್ಕೆ ಜಪ್ತಿಯಾಯಿತು. ಮೊದಲು ಬಂದದ್ದು ಅಶ್ಲೀಲತೆಯ ಆರೋಪ. ಆಮೇಲೆ ತೆರೆಯ ಮೇಲೆ ಸತ್ತವರು ನಿಜಕ್ಕೂ ಸತ್ತಿದ್ದಾರೆಯೇ ಎಂಬ ಅನುಮಾನವೇ ಎದ್ದಿತು. ಈ ಇಕ್ಕಟ್ಟು ನಿರ್ದೇಶಕ ರುಜೆರೊ ದೆಯೊದಾತೊ ತಾವೇ ತಂದುಕೊಂಡದ್ದು. ಚಿತ್ರದಲ್ಲಿರುವುದು ಕಾಡಿನಲ್ಲಿ ಸಿಕ್ಕ ನಿಜವಾದ ರೀಲುಗಳೆಂದು ಜನ ನಂಬಲಿ ಅಂತ, ಒಂದು ವರ್ಷ ಎಲ್ಲೂ ಕಾಣಿಸಿಕೊಳ್ಳಕೂಡದೆಂದು ನಟರಿಂದ ಕರಾರು ಬರೆಸಿಕೊಂಡಿದ್ದರು. ಈಗ ಅದೇ ನಟರು ಬದುಕಿದ್ದಾರೆಂದು ರುಜುವಾತು ಮಾಡಬೇಕಾಯಿತು. ಶೂಲಕ್ಕೇರಿದ ಹೆಂಗಸಿನ ದೃಶ್ಯದ ಗುಟ್ಟೂ ಹೊರಬಿತ್ತು: ಕಬ್ಬಿಣದ ಕಂಬಕ್ಕೆ ಸೈಕಲ್ ಸೀಟು, ಅದರ ಮೇಲೆ ಕೂತ ನಟಿ, ಆಕೆಯ ಬಾಯಲ್ಲಿ ಹಗುರವಾದ ಬಾಲ್ಸಾ ಮರದ ಮೊನೆ. ಅಷ್ಟೇ.

ಇಂಥ ಫಜೀತಿ ಇದೇ ಮೊದಲೇನಲ್ಲ. ನಿರ್ದೇಶಕ ಲೂಚಿಯೊ ಫುಲ್ಚಿಯವರ 1971ರ ಚಿತ್ರವೊಂದರಲ್ಲಿ ಹೊಟ್ಟೆ ಸೀಳಿದ ನಾಯಿಗಳು ಕಾಣುತ್ತವೆ. ನಾಯಿಗಳನ್ನು ಹಿಂಸಿಸಿದ್ದಾರೆಂದು ಕೇಸು ಬಿತ್ತು. ಕಲಾವಿದ ಕಾರ್ಲೊ ರಂಬಾಲ್ದಿ ತಾವು ತಯಾರಿಸಿದ್ದ ನಕಲಿ ನಾಯಿಗಳನ್ನೇ ಕೋರ್ಟಿಗೆ ಹಾಜರುಪಡಿಸಿ ಫುಲ್ಚಿಯವರನ್ನು ಪಾರು ಮಾಡಿದರು. ಮುಂದೆ 'ಏಲಿಯನ್', 'ಇ.ಟಿ.' ಚಿತ್ರಗಳಿಗೆ ಆಸ್ಕರ್ ಗೆದ್ದವರು ಇದೇ ರಂಬಾಲ್ದಿ.

ಕೈಚಳಕದ ಈ ಪರಂಪರೆ 1957ರ 'ಇ ವಂಪೀರಿ'ಯಿಂದ ಶುರು. ನಿರ್ದೇಶಕ ರಿಕಾರ್ದೊ ಫ್ರೇದಾ ಅರ್ಧಕ್ಕೆ ಬಿಟ್ಟ ಆ ಕಪ್ಪು-ಬಿಳುಪು ಚಿತ್ರವನ್ನು ಮುಗಿಸಿದವರು ಛಾಯಾಗ್ರಾಹಕ ಮಾರಿಯೊ ಬಾವಾ. ಅದರಲ್ಲಿ ಸುಂದರಿಯೊಬ್ಬಳು ಒಂದೇ ಶಾಟಿನಲ್ಲಿ, ಕಣ್ಣೆದುರೇ ಮುದುಕಿಯಾಗುತ್ತಾಳೆ. ಮುಖದ ಮೇಲೆ ಸುಕ್ಕುಗಳನ್ನು ಕೆಂಪು ಬಣ್ಣದಲ್ಲಿ ಬರೆದು ಕೆಂಪು ಬೆಳಕು ಬಿಟ್ಟರೆ, ಗೆರೆ ಮತ್ತು ಚರ್ಮ ಎರಡೂ ಫಿಲ್ಮಿಗೆ ಒಂದೇ ಬಿಳುಪು. ಬೆಳಕನ್ನು ಮೆಲ್ಲಗೆ ಹಸಿರಿಗೆ ತಿರುಗಿಸಿದರೆ ಕೆಂಪು ಗೆರೆಗಳು ಕಪ್ಪಾಗಿ ಮೇಲೇಳುತ್ತವೆ. ಎರಡು ದೀಪಗಳ ಪ್ರಖರತೆ ಸರಿಹೊಂದದಿದ್ದರೆ ಮುಖ ಮಿಣುಕಿ ಗುಟ್ಟು ರಟ್ಟಾಗುತ್ತದೆ. ಕಲರ್ ಫಿಲ್ಮಿನಲ್ಲಂತೂ ಇದು ನಡೆಯುವುದೇ ಇಲ್ಲ, ಬೆಳಕಿನ ಬಣ್ಣವೇ ಕಂಡುಬಿಡುತ್ತದೆ.

ಕಲರ್ ಬಂದಾಗ ಬಾವಾ ಬೇರೆ ದಾರಿ ಹಿಡಿದರು. 1964ರಲ್ಲಿ ಫ್ಯಾಷನ್ ಮಳಿಗೆಯೊಂದರ ಕೊಲೆಗಳ ಕತೆ ತೆಗೆದು, ಕೈಗವಸು ತೊಟ್ಟ, ಮುಖವೇ ಕಾಣದ ಹಂತಕನನ್ನು ಕೆಂಪು, ಹಸಿರು, ನೇರಳೆ ದೀಪಗಳ ನಡುವೆ ನಿಲ್ಲಿಸಿದರು. ಈ ಬಗೆಗೆ 'ಜಾಲ್ಲೊ' ಎಂಬ ಹೆಸರು ನಿಂತಿತು. ಜಾಲ್ಲೊ ಎಂದರೆ ಹಳದಿ. ಮೊಂದಾದೊರಿ ಪ್ರಕಾಶನ 1929ರಿಂದ ಹೊರತಂದ ಪತ್ತೇದಾರಿ ಕಾದಂಬರಿಗಳ ರಕ್ಷಾಪುಟದ ಬಣ್ಣ ಅದು. 1970ರಲ್ಲಿ ನಿರ್ದೇಶಕ ದಾರಿಯೊ ಅರ್ಜೆಂತೊ ಈ ಬಗೆಯ ಚಿತ್ರವನ್ನೇ ಜನಪ್ರಿಯ ಮಾಡಿದರು. ಅವರ ಚಿತ್ರಗಳಲ್ಲಿ ಕಾಣುವ ಹಂತಕನ ಗವಸಿನ ಕೈಗಳು ಹೆಚ್ಚಾಗಿ ಅವರವೇ!

ಅರ್ಜೆಂತೊ ಅವರ 'ಸುಸ್ಪಿರಿಯಾ' (1977) ನೋಡಿದರೆ ಈ ಚಿತ್ರಗಳ ಸೆಳೆತ ಎಲ್ಲಿದೆಯೆಂದು ಗೊತ್ತಾಗುತ್ತದೆ. ಛಾಯಾಗ್ರಾಹಕ ಲೂಚಾನೊ ತೊವೊಲಿ ಬಣ್ಣದ ಬಟ್ಟೆ ಬಿಗಿದ ಚೌಕಟ್ಟುಗಳನ್ನು ನಟರ ಮುಖದ ಹತ್ತಿರಕ್ಕೇ ತಂದು, ಅದರೊಳಗಿಂದ ಬೆಳಕು ಹಾಯಿಸಿದರು. ಪ್ರಿಂಟು ಹಾಕಿದ್ದು ಆಗಲೇ ಹಳತಾಗಿದ್ದ ಟೆಕ್ನಿಕಲರ್ ವಿಧಾನದಲ್ಲಿ, ಮೂರು ಬಣ್ಣಗಳನ್ನು ಒಂದರ ಮೇಲೊಂದು ಅಚ್ಚೊತ್ತಿ. ಇನ್ನು ಮಾತು ಹೇಗೂ ಆಮೇಲೆ ಡಬ್ ಆಗುವಂಥದ್ದು. ಹಾಗಾಗಿ ಗಾಬ್ಲಿನ್ ತಂಡದ ಸಂಗೀತವನ್ನು ಸೆಟ್ಟಿನಲ್ಲೇ ಜೋರಾಗಿ ಹಾಕಿ ನಟರನ್ನು ಬೆಚ್ಚಿಬೀಳಿಸಲಿಕ್ಕೆ ಅಡ್ಡಿಯಿರಲಿಲ್ಲ. ಕತೆಯಲ್ಲಿ ತರ್ಕ ಹುಡುಕುವವರಿಗೆ ನಿರಾಸೆ ಖಂಡಿತ. ಕೆಟ್ಟ ಕನಸಿಗೆ ತರ್ಕ ಎಲ್ಲಿಂದ ಬರಬೇಕು?

ಇನ್ನು ವ್ಯಾಪಾರದ ಮಾತು. ಒಂದು ಚಿತ್ರ ಗೆದ್ದರೆ ಅದೇ ಅಚ್ಚಿನ ಹತ್ತು ಚಿತ್ರ ತೆಗೆಯುವುದು ಆಗಿನ ಇಟಲಿಯ ರೂಢಿ. ಆ ಸಾಲಿಗೆ 'ಫಿಲೋನೆ' ಎನ್ನುತ್ತಾರೆ. ಜಾರ್ಜ್ ರೊಮೆರೊ ಅವರ ಅಮೆರಿಕನ್ ಚಿತ್ರವೊಂದು ಇಟಲಿಯಲ್ಲಿ 'ಜೊಂಬಿ' ಹೆಸರಿನಲ್ಲಿ ಓಡಿತು. ಮರುವರ್ಷವೇ, 1979ರಲ್ಲಿ, ಕತೆಗೆ ಸಂಬಂಧವೇ ಇಲ್ಲದ ಫುಲ್ಚಿ ಚಿತ್ರಕ್ಕೆ 'ಜೊಂಬಿ 2' ಎಂದು ಹೆಸರಿಟ್ಟರು. ಅದರಲ್ಲಿ ಮುರಿದ ಬಾಗಿಲಿನ ಸಿಬಿರು ಕಣ್ಣಿಗೆ ಚುಚ್ಚುವ ದೃಶ್ಯ ಇಂದಿಗೂ ಕುಖ್ಯಾತ. ನಟಿಯ ಮುಖ, ಸಿಬಿರು, ಮತ್ತೆ ಮುಖ ಎಂದು ನಿಧಾನವಾಗಿ ಎಳೆದು, ಕೊನೆಯ ಗಳಿಗೆಯಲ್ಲಿ ಬೊಂಬೆ ತಲೆ ಕೂರಿಸುತ್ತಾರೆ. ಗಮನವಿಟ್ಟರೆ ಬೊಂಬೆಯೆಂದು ತಿಳಿಯುತ್ತದೆ. ಆದರೂ ನಡುಗಿಸುತ್ತದೆ, ಏಕೆಂದರೆ ಬೇರೆಯವರು ಕತ್ತರಿಸುವ ಜಾಗದಲ್ಲಿ ಫುಲ್ಚಿ ಕತ್ತರಿಸುವುದಿಲ್ಲ.

ಹೆಂಗಸರ ಸಾವನ್ನು ಚಪ್ಪರಿಸುವ ಕ್ಯಾಮೆರಾ ಎಂಬ ಆಕ್ಷೇಪಕ್ಕೆ ಅಭಿಮಾನಿಗಳಲ್ಲಿ ಸರಿಯಾದ ಉತ್ತರ ಇಲ್ಲ. ದೆಯೊದಾತೊ ಚಿತ್ರದ ಪ್ರಾಣಿಗಳ ವಿಷಯದಲ್ಲಂತೂ ಉತ್ತರವೇ ಇಲ್ಲ. ಆಮೆ, ಹಂದಿ, ಕೋತಿ ಎಲ್ಲ ನಿಜವಾಗಿಯೇ ಸತ್ತವು. ಒಂದು ಶಾಟಿಗಾಗಿ ಎರಡು ಕೋತಿಗಳನ್ನು ಕೊಂದರು. ಅಲ್ಲಿ ಕೈಚಳಕ ಇರಲಿಲ್ಲ.

1980ರ ದಶಕದ ಆರಂಭದಲ್ಲಿ ಬ್ರಿಟನ್ನಿಗೆ ವಿಡಿಯೋ ಕ್ಯಾಸೆಟ್ ಬಂದಾಗ ಈ ಚಿತ್ರಗಳು ಸೆನ್ಸಾರ್ ಇಲ್ಲದೆ ಮನೆಮನೆಗೆ ನುಗ್ಗಿದವು. ಸರ್ಕಾರಿ ಅಭಿಯೋಜಕರ ಕಪ್ಪುಪಟ್ಟಿಗೆ ಒಟ್ಟು 72 ಚಿತ್ರಗಳು ಸೇರಿದವು, ಇಟಲಿಯವೇ ಸಾಕಷ್ಟು. 1984ರಲ್ಲಿ ಕ್ಯಾಸೆಟ್‌ಗಳಿಗೆ ಕಡಿವಾಣ ಹಾಕುವ ಕಾನೂನೂ ಬಂತು. ಹುಡುಗರು ಆ ಪಟ್ಟಿಯನ್ನೇ ಹಿಡಿದು ಕ್ಯಾಸೆಟ್ ಹುಡುಕಿದರು. 'ಜೊಂಬಿ 2' ಅಲ್ಲಿ ಕತ್ತರಿಯಿಲ್ಲದೆ ಪಾಸಾಗಲು 2005 ಬರಬೇಕಾಯಿತು. 'ಕ್ಯಾನಿಬಲ್ ಹೋಲೋಕಾಸ್ಟ್' 2011ರಲ್ಲಿ ಅಲ್ಲಿನ ಸೆನ್ಸಾರ್ ಮಂಡಳಿಯ ಮುಂದೆ ಮತ್ತೆ ಬಂದಾಗ ಶೂಲದ ದೃಶ್ಯವೂ ಸೇರಿ ಮನುಷ್ಯರ ಸಾವುಗಳೆಲ್ಲ ಪಾಸಾದವು. ಕತ್ತರಿ ಬಿದ್ದದ್ದು ಸುಮಾರು 15 ಸೆಕೆಂಡಿಗೆ, ಕೋಆಟಿ ಎಂಬ ಸಣ್ಣ ಪ್ರಾಣಿಯನ್ನು ಕೊಲ್ಲುವ ದೃಶ್ಯಕ್ಕೆ.