ಎಂಜಿನ್ ಸದ್ದಿಗೆ ಪ್ರಾಣಿಗಳೇ ದಾರಿ ಬಿಡುತ್ತವಲ್ಲವೇ?

ಪ್ರಶ್ನೆ: ಸಣ್ಣ ವಿಮಾನ ಇಳಿಸುವಾಗ ರನ್‌ವೇ ಮೇಲೆ ಹಕ್ಕಿಯೋ ನಾಯಿಯೋ ಜಿಂಕೆಯೋ ಕಂಡರೆ ಏನು ಮಾಡಬೇಕು? ಸದ್ದು ಕೇಳಿ ಅವೇ ಓಡಿಹೋಗುತ್ತವಲ್ಲವೇ?

ಮೊದಲ ಭಾಗಕ್ಕೆ ಉತ್ತರ ಚಿಕ್ಕದು. ಎಂಜಿನ್ ಶಕ್ತಿ ಹೆಚ್ಚಿಸುವ ಹಿಡಿಕೆಯಾದ ಥ್ರಾಟಲ್ ಪೂರ್ತಿ ಕೊಟ್ಟು ಮೇಲೇಳಿ, ಒಂದು ಸುತ್ತು ಹಾಕಿ ಮತ್ತೆ ಬನ್ನಿ. ಎರಡನೆಯ ಭಾಗಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ವಿಮಾನ ಹಾರಿಸಲು ಕಲಿಯುವವರ ಹೊಸ ತಂಡ ಬಂದಾಗಲೆಲ್ಲ ಒಬ್ಬರಾದರೂ ಈ ನಂಬಿಕೆಯನ್ನು ಹೊತ್ತು ತರುತ್ತಾರೆ. ಈ ಸಲ ಬಿಡಿಸಿಯೇ ಬರೆಯುತ್ತೇನೆ.

ಯಾವ ಸದ್ದನ್ನು ನೀವು ನೆಚ್ಚಿಕೊಂಡಿದ್ದೀರಿ? ಇಳಿಯುವ ಹೊತ್ತಿಗೆ ಥ್ರಾಟಲ್ ಹಿಂದಕ್ಕೆ ಎಳೆದವರು ನೀವೇ. ಮೇಲಾಗಿ ನಾವು ಇಳಿಯುವುದು ಗಾಳಿಗೆ ಎದುರಾಗಿ. ಗಾಳಿ ರನ್‌ವೇ ಕಡೆಯಿಂದ ನಮ್ಮತ್ತ ಬೀಸುತ್ತಿರುವಾಗ, ಉಳಿದ ಅಷ್ಟಿಷ್ಟು ಸದ್ದೂ ಮುಂದಿರುವ ಪ್ರಾಣಿಯನ್ನು ಸರಿಯಾಗಿ ತಲುಪುವುದಿಲ್ಲ. ನೆಲದ ಮೇಲಿನ ಹಕ್ಕಿಗಳೂ ಸಾಮಾನ್ಯವಾಗಿ ಗಾಳಿಗೆ ಮುಖ ಮಾಡಿ ಕೂರುತ್ತವೆ. ಹೀಗಾಗಿ ನಾವು ಬರುವುದು ಅವುಗಳ ಬೆನ್ನ ಹಿಂದಿನಿಂದ. ಹಲಗೆಯ ಮೇಲೆ ಗಾಳಿಯ ಬಾಣವೊಂದನ್ನು ಎಳೆದು ಇದನ್ನು ತೋರಿಸಿದ ಮೇಲೆ ನನ್ನ ತರಗತಿಯಲ್ಲಿ ಯಾರೂ ಈ ಪ್ರಶ್ನೆಯನ್ನು ಮತ್ತೆ ಕೇಳಿದ್ದಿಲ್ಲ.

ಸದ್ದು ಕೇಳಿಸಿತೆಂದೇ ಇಟ್ಟುಕೊಳ್ಳಿ. ಕೇಳಿಸುವುದು ಬೇರೆ, ಹೆದರುವುದು ಬೇರೆ. ದಿನವೂ ವಿಮಾನಗಳ ನಡುವೆಯೇ ಮೇಯುವ ಪ್ರಾಣಿಗೆ ಆ ಸದ್ದು ಗುಡುಗು ಮಳೆಯಷ್ಟೇ ಮಾಮೂಲು.

ಹೆದರಿತೆಂದೇ ಇಟ್ಟುಕೊಳ್ಳಿ. ಆಗಲೂ ಹೊತ್ತು ಸಾಲದು. ನುಗ್ಗಿಬರುವ ವಾಹನದ ವಿಡಿಯೊ ತೋರಿಸಿ ಹಕ್ಕಿಗಳನ್ನು ಪರೀಕ್ಷಿಸಿದವರು ಕಂಡದ್ದೇನೆಂದರೆ, ಅವು ಹಾರಲು ಹೊರಡುವುದು ವಾಹನ ಎಷ್ಟು ಹತ್ತಿರ ಬಂತು ಎಂಬುದನ್ನು ನೋಡಿ. ಅದರ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವೇಗ ಗಂಟೆಗೆ 120 ಕಿಲೋಮೀಟರ್ ದಾಟಿದಾಗ ಅವುಗಳಿಗೆ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಸೆಸ್ನಾ 172 ಎಂಬ ಸಣ್ಣ ವಿಮಾನ ಇಳಿಯಲು ಬರುವ ವೇಗ ಸುಮಾರು 65 ನಾಟ್, ಅಂದರೆ ಅದೇ 120 ಕಿಲೋಮೀಟರ್, ಸೆಕೆಂಡಿಗೆ 33 ಮೀಟರ್. ನೀವು 30 ಮೀಟರ್ ದೂರದಲ್ಲಿರುವಾಗ ಎಚ್ಚೆತ್ತ ಹಕ್ಕಿಗೆ ಒಂದು ಸೆಕೆಂಡೂ ಉಳಿದಿರುವುದಿಲ್ಲ. ಜಿಂಕೆಯಂತೂ ರಾತ್ರಿ ದೀಪದ ಬೆಳಕಿಗೆ ಕಲ್ಲಿನಂತೆ ನಿಂತುಬಿಡುತ್ತದೆ. ಒಂದು ದಾಟಿತೆಂದು ನಿರಾಳವಾಗಬೇಡಿ. ಅದರ ಹಿಂದೆಯೇ ಇನ್ನೆರಡು ಬರಬಹುದು.

ಸದ್ದೇ ಸಾಕಾಗುವಂತಿದ್ದರೆ 1912ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಅಮೆರಿಕದ ವಿಮಾನ ಚಾಲಕ ಕ್ಯಾಲ್ ರಾಜರ್ಸ್ ಸಾಯುತ್ತಿರಲಿಲ್ಲ. ಅವರ ತೆರೆದ ವಿಮಾನದ ಎಂಜಿನ್‌ಗೆ ಸದ್ದು ತಡೆಯುವ ಯಾವ ಕವಚವೂ ಇರಲಿಲ್ಲ. ಆದರೂ ಕಡಲಹಕ್ಕಿಯೊಂದು ಬಡಿದು ನಿಯಂತ್ರಣ ತಪ್ಪಿತು. ದೊಡ್ಡ ಪ್ರಯಾಣಿಕ ವಿಮಾನದ ಮುಂಗಾಜು 4 ಪೌಂಡ್, ಅಂದರೆ ಸುಮಾರು 1.8 ಕಿಲೋ ತೂಕದ ಹಕ್ಕಿಯ ಹೊಡೆತವನ್ನು ತಾಳಬೇಕೆಂಬ ನಿಯಮವಿದೆ. ನಮ್ಮಂಥ ಸಣ್ಣ ವಿಮಾನಗಳಲ್ಲಿ ಹೆಚ್ಚಿನವು ಆ ಪರೀಕ್ಷೆಗೆ ಒಳಗಾದವಲ್ಲ.

ನೆಲದ ಸಮೀಪ, ಕಡಿಮೆ ವೇಗದಲ್ಲಿ, ಹಕ್ಕಿಯನ್ನು ತಪ್ಪಿಸಲೆಂದು ಥಟ್ಟನೆ ತಿರುಗಿಸಬೇಡಿ. ಹಕ್ಕಿ ಬಡಿದ ವಿಮಾನವನ್ನು ಬಹುಮಟ್ಟಿಗೆ ಇಳಿಸಬಹುದು, ರೆಕ್ಕೆಗಳ ಎತ್ತುವ ಬಲ ತಪ್ಪಿ, ಅಂದರೆ ಸ್ಟಾಲ್ ಆಗಿ ಬೀಳುತ್ತಿರುವುದನ್ನು ಆ ಎತ್ತರದಲ್ಲಿ ಉಳಿಸಲಾಗದು. ಚಕ್ರ ಊರಿ ವೇಗ ತಗ್ಗಿದ ಮೇಲೆ ಪ್ರಾಣಿ ಕಂಡರೆ ನೇರವಾಗಿಯೇ ಸಾಗುತ್ತ ಬ್ರೇಕ್ ಹಾಕಿ. ಪ್ರೊಪೆಲ್ಲರ್‌ಗೆ ಏನಾದರೂ ತಗುಲಿದ್ದರೆ ಎಂಜಿನಿಯರ್ ನೋಡುವವರೆಗೆ ಮತ್ತೆ ಹಾರಬೇಡಿ.

ಇಷ್ಟೆಲ್ಲ ಕೇಳುವವರು ನಿಂತ ವಿಮಾನದ ಬಗ್ಗೆ ಮಾತ್ರ ಕೇಳುವುದೇ ಇಲ್ಲ. ಎಂಜಿನ್ ಕವಚದೊಳಗೆ ಹಕ್ಕಿ ಗೂಡು ಕಟ್ಟಲು ಒಂದು ದಿನ ಸಾಕು. ಎಂಜಿನ್ ಬಿಸಿಯಾದಾಗ ಆ ಹುಲ್ಲುಕಡ್ಡಿಗೆ ಬೆಂಕಿ ಹತ್ತಬಹುದು. ಕಣಜದ ಹುಳುವಿಗೆ, ವೇಗ ಅಳೆಯಲು ಎದುರುಗಾಳಿಯನ್ನು ಹಿಡಿಯುವ ಪಿಟೋ ಕೊಳವೆಯೇ ಸಿದ್ಧಪಡಿಸಿಟ್ಟ ಮನೆ. ಮಣ್ಣು ಮೆತ್ತಿ ಮುಚ್ಚಿಬಿಡುತ್ತದೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಕಡಲಿಗೆ ಬಿದ್ದ ಬಿರ್ಗೆನ್‌ಏರ್ ಬೋಯಿಂಗ್ 757ರಲ್ಲಿದ್ದ 189 ಮಂದಿಯೂ ಸತ್ತರು. ಅದರ ಪಿಟೋ ಕೊಳವೆ ಮುಚ್ಚಿಹೋಗಿ ವೇಗಸೂಚಿ ತಪ್ಪು ತೋರಿಸಿತ್ತು, ತನಿಖೆಯ ಸಂಶಯ ಹೋದದ್ದು ಕಣಜದ ಗೂಡಿನ ಮೇಲೆ. ವಿಮಾನ ನಿಲ್ಲಿಸಿದೊಡನೆ ಕೊಳವೆಗೆ ಕವರ್ ಹಾಕಿ, ಹೊರಡುವಾಗ ಮರೆಯದೆ ತೆಗೆಯಿರಿ. ಕಟ್ಟಿದೆಯೇ ಎಂದು ಬಾಯಿಂದ ಊದಿ ನೋಡಬೇಡಿ, ವೇಗಸೂಚಿ ಕೆಡುತ್ತದೆ. ಓಟ ಶುರುವಾದ ಮೇಲೂ ಅದರ ಮುಳ್ಳು ಏಳದಿದ್ದರೆ ಥ್ರಾಟಲ್ ಎಳೆದು ಅಲ್ಲೇ ನಿಲ್ಲಿಸಿ.