ಕಟ್ಟಡ ಕಾಮಗಾರಿಯ ವಿದ್ಯುತ್: ಕೋಲಾರದಲ್ಲಿ ನೀರಿನ ಜೊತೆಗೇ ಹರಿದುಹೋಗುವ ಲೆಕ್ಕ

1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ತಲುಪಿತು. ಜಿಲ್ಲೆಯ ಕಟ್ಟಡ ಕೆಲಸ ಮಾತ್ರ ಅದಾದ ಮೇಲೂ ದಶಕಗಳ ಕಾಲ ಸುತ್ತಿಗೆ, ಸನಿಕೆ, ತೆರೆದ ಬಾವಿಯ ನೀರಿನಲ್ಲೇ ನಡೆಯಿತು. ಮಿಕ್ಸರ್, ವೈಬ್ರೇಟರ್, ಕಂಬಿ ಕತ್ತರಿಸುವ ಯಂತ್ರಗಳು ಒಂದೊಂದಾಗಿ ಬಂದವು. ಮಾಲೂರು, ನರಸಾಪುರ, ವೇಮಗಲ್‌ನಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದಂತೆ ಕಾಮಗಾರಿಗಳೂ ದೊಡ್ಡವಾದವು.

ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ವಾಣಿಜ್ಯ ಕಟ್ಟಡಗಳಲ್ಲಿ ಇಂಧನ ಉಳಿಸುವ ನಿಯಮಗಳ ಸಂಹಿತೆ 2007ರಲ್ಲಿ, ವಸತಿ ಕಟ್ಟಡಗಳದ್ದು 2018ರಲ್ಲಿ ಬಂತು. ಗೋಡೆ, ಗಾಜು, ಚಾವಣಿ ಹೇಗಿರಬೇಕು ಎಂದು ಇವು ಹೇಳುತ್ತವೆ. ಅಂದರೆ ಇವುಗಳ ಮುಖ್ಯ ಕಾಳಜಿ ಜನ ಒಳಗೆ ವಾಸವಾದ ಮೇಲಿನ ಖರ್ಚು. ಕಟ್ಟುವಾಗ ಸುಡುವ ಡೀಸೆಲ್, ಓಡುವ ಪಂಪು ಬದಿಗೇ ಉಳಿದವು. 2023ರಲ್ಲಿ ಹೊಸ ಜನರೇಟರ್‌ಗಳಿಗೆ ಹೊಗೆಯ ಮಿತಿ ಬಿಗಿಯಾಯಿತು, ಒಳ್ಳೆಯದೇ. ಆದರೆ ನಾಲ್ಕು ದೀಪ, ಒಂದು ಸಣ್ಣ ಯಂತ್ರಕ್ಕಾಗಿ ದೊಡ್ಡ ಜನರೇಟರ್ ಓಡಿಸಿದರೆ ಲೀಟರ್ ಡೀಸೆಲ್‌ಗೆ ಸಿಗಬೇಕಾದ ಮೂರು ಯೂನಿಟ್ ಕೂಡ ಸಿಗುವುದಿಲ್ಲ.

ಕೋಲಾರದಲ್ಲಿ ಇದಕ್ಕಿಂತ ದೊಡ್ಡ ವಿಷಯ ನೀರು. ಇಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿ ಯಾರಿಗೂ ಹೊಸದಲ್ಲ. ಮುನ್ನೂರು ಮೀಟರ್ ಆಳದಿಂದ ಸಾವಿರ ಲೀಟರ್ ನೀರೆತ್ತಲು ಲೆಕ್ಕದ ಪ್ರಕಾರ ಬೇಕಾದದ್ದು ಮುಕ್ಕಾಲು ಯೂನಿಟ್‌ಗಿಂತ ತುಸು ಹೆಚ್ಚು. ಮೋಟಾರು, ಪಂಪು, ಪೈಪುಗಳ ನಷ್ಟ ಸೇರಿದರೆ ಅದು ಎರಡು ಯೂನಿಟ್ ಆಸುಪಾಸು. ಟ್ಯಾಂಕರ್‌ನಲ್ಲಿ ತರಿಸಿದರೆ ಡೀಸೆಲ್ ಬೇರೆ.

ಕಾಂಕ್ರೀಟಿಗೆ ಸಾದಾ ಸಿಮೆಂಟಾದರೆ ಕನಿಷ್ಠ ಏಳು ದಿನ, ಹಾರುಬೂದಿಯಂಥದ್ದು ಬೆರೆತ ಸಿಮೆಂಟಾದರೆ ಹತ್ತು ದಿನ ಕ್ಯೂರಿಂಗ್ (ಗಟ್ಟಿಯಾಗಲು ತೇವ ಆರದಂತೆ ನೋಡಿಕೊಳ್ಳುವುದು) ಆಗಬೇಕು ಎನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ 456. ಇದರಲ್ಲಿ ಕಡಿತ ಸಲ್ಲದು. ಆದರೆ ಚಾವಣಿಗೆ ಮೋಲ್ಡ್ (ಕಾಂಕ್ರೀಟ್) ಹಾಕಿದ ಮರುದಿನ ನೋಡಿ. ಚಾವಣಿಯ ಮೇಲೆ ಕಟ್ಟಿದ ಪಾತಿ ತುಂಬಿ, ನೀರು ಗೋಡೆಗುಂಟ ಇಳಿದು ರಸ್ತೆಗೆ ಬಂದಿರುತ್ತದೆ, ಪಂಪು ಇನ್ನೂ ಓಡುತ್ತಿರುತ್ತದೆ. ಹತ್ತು ಎಚ್‌ಪಿ ಪಂಪಾದರೆ ಗಂಟೆಗೆ ಏಳು ಯೂನಿಟ್‌ಗೂ ಮಿಕ್ಕಿ ವಿದ್ಯುತ್. ಕಂಬಗಳ ಕತೆ ಇನ್ನೂ ಕೆಟ್ಟದ್ದು: ಪೈಪಿನಿಂದ ಎರಚಿದ ನೀರು ನಿಮಿಷದಲ್ಲಿ ಇಳಿದುಹೋಗುತ್ತದೆ, ಬಿಸಿಲಿಗೆ ಕಂಬ ಮತ್ತೆ ಒಣಗುತ್ತದೆ. ಗೋಣಿಚೀಲ ಸುತ್ತಿ ನೆನೆಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಕಡಿಮೆ ನೀರಿನಲ್ಲಿ ಹೆಚ್ಚು ಹೊತ್ತು ತೇವ ನಿಲ್ಲುತ್ತದೆ. ಹಳೆಯ ಮೇಸ್ತ್ರಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

2018ರಿಂದ ಬೆಂಗಳೂರಿನ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿತ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಅಂತರ್ಜಲ ಮೇಲೆ ಬಂದ ಕಡೆ ಪಂಪಿನ ಭಾರ ಇಳಿಯುತ್ತದೆ. ಆದರೆ ಆ ನೀರನ್ನು ಬೆಂಗಳೂರಿನಿಂದ ಇಲ್ಲಿಗೆ ಎತ್ತಿ ತರುವುದೂ ವಿದ್ಯುತ್ತೇ.

ಉಳಿತಾಯ ಏಕೆ ಕೈಗೂಡುತ್ತಿಲ್ಲ? ಕೂಲಿ ಗುತ್ತಿಗೆಯಲ್ಲಿ ನೀರು, ಕರೆಂಟು ಸಾಮಾನ್ಯವಾಗಿ ಮಾಲೀಕರದ್ದು, ಕೆಲಸ ಮೇಸ್ತ್ರಿಯದ್ದು. ಪಂಪು ನಿಲ್ಲಿಸಬೇಕಾದವರಿಗೆ ಬಿಲ್ಲು ಕಾಣುವುದಿಲ್ಲ, ಬಿಲ್ಲು ಕಟ್ಟುವವರು ಸ್ಥಳದಲ್ಲಿರುವುದಿಲ್ಲ. ಸಾಮಗ್ರಿ ಸಮೇತ ಗುತ್ತಿಗೆಯಾದರೆ ಎಲ್ಲವೂ ಚದರಡಿ ದರದೊಳಗೆ ಕರಗಿಹೋಗುತ್ತದೆ. ತಾತ್ಕಾಲಿಕ ಸಂಪರ್ಕದ ಮೀಟರ್ ಇಡೀ ಕಾಮಗಾರಿಗೆ ಒಂದೇ. ಪಂಪಿಗೆ ಬೇರೆ ಸಬ್‌ಮೀಟರ್ ಇಟ್ಟು, ವಾರದ ಬಟವಾಡೆಯ ದಿನ ಮಾಲೀಕರೂ ಮೇಸ್ತ್ರಿಯೂ ಒಟ್ಟಿಗೆ ರೀಡಿಂಗ್ ಬರೆದುಕೊಳ್ಳಬೇಕೆಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಲು ಯಾವ ಹೊಸ ಕಾಯ್ದೆಯೂ ಬೇಕಿಲ್ಲ.